ಆರ್‌ಎಕ್ಸ್, ಸುಜುಕಿ, ಸಿಡಿ 100, ಯೆಜ್ಡಿ: ಮನೆ ಗ್ಯಾರೇಜಿಗೆ ಯಾವ ಹಳೇ ಬೈಕ್ ತರಬೇಕು?

ಹಳೇ ಬೈಕ್ ತಂದು ಮನೆಯಲ್ಲೇ ಬಿಚ್ಚಿ ಜೋಡಿಸಬೇಕು ಅನ್ನೋ ಆಸೆ ಹುಟ್ಟಿದವರು ಮೊದಲು ಕೇಳುವುದು ಒಂದೇ: ಆರ್‌ಎಕ್ಸ್ 100 ಎಲ್ಲಿ ಸಿಗುತ್ತದೆ? ಮೈಸೂರು ಕಡೆಯವರಾದರೆ ಯೆಜ್ಡಿ ಎಲ್ಲಿ ಸಿಗುತ್ತದೆ ಅಂತ ಕೇಳುತ್ತಾರೆ. ಎರಡೂ ಒಳ್ಳೇ ಬೈಕ್‌ಗಳೇ, ತಕರಾರಿಲ್ಲ. ಆದರೆ ಓಡಿಸಲು ಆಸೆಪಡುವ ಬೈಕ್ ಬೇರೆ, ಮೊದಲ ಸಲ ಬಿಚ್ಚಲು ತರುವ ಬೈಕ್ ಬೇರೆ. ತರುವ ಮೊದಲೇ ಒಂದು ಲೆಕ್ಕ ಹಾಕಿಕೊಳ್ಳಿ. ಈ ಬೈಕಿನ ಎಷ್ಟು ಕೆಲಸ ನನ್ನ ಗ್ಯಾರೇಜಿನಲ್ಲೇ ಮುಗಿಯುತ್ತದೆ? ಎಷ್ಟು ಕೆಲಸಕ್ಕೆ ಪಾರ್ಟುಗಳನ್ನು ಚೀಲಕ್ಕೆ ತುಂಬಿಕೊಂಡು ಲೇತ್ ಅಂಗಡಿ, ಪೇಂಟ್ ಅಂಗಡಿ, ಆರ್‌ಟಿಒ ಅಂತ ಅಲೆಯಬೇಕು? ಅಲೆದಾಟ ಜಾಸ್ತಿ ಇರುವ ಬೈಕ್‌ಗಳೇ ಅರ್ಧಕ್ಕೆ ನಿಂತು ಮೂಲೆ ಸೇರುವುದು.

ನಮ್ಮ ಕಡೆ ಸುಲಭವಾಗಿ ಕಣ್ಣಿಗೆ ಬೀಳುವ ನಾಲ್ಕು ಬೈಕ್‌ಗಳನ್ನು ಇದೇ ಲೆಕ್ಕದಲ್ಲಿ ನೋಡೋಣ.

ಯಮಹಾ ಆರ್‌ಎಕ್ಸ್ 100

1985ರಿಂದ 1996ರವರೆಗೆ ಎಸ್ಕಾರ್ಟ್ಸ್ ಕಂಪನಿ ಇದನ್ನು ತಯಾರಿಸಿತು. 98 ಸಿಸಿ, ಟೂ ಸ್ಟ್ರೋಕ್, 11 ಹಾರ್ಸ್‌ಪವರ್, ತೂಕ ಹೆಚ್ಚುಕಡಿಮೆ 100 ಕಿಲೋ. ಬಿಚ್ಚುವವರಿಗೆ ಇಷ್ಟು ಸರಳವಾದ ಎಂಜಿನ್ ಇನ್ನೊಂದಿಲ್ಲ. ಫೋರ್ ಸ್ಟ್ರೋಕಿನ ಹಾಗೆ ಹೆಡ್ಡಿನಲ್ಲಿ ವಾಲ್ವ್ ಇಲ್ಲ, ಕ್ಯಾಮ್ ಇಲ್ಲ, ಟೈಮಿಂಗ್ ಚೈನ್ ಇಲ್ಲ. ಹೆಡ್ಡಿನ ನಟ್ ಬಿಚ್ಚಿ ಬ್ಲಾಕ್ (ಸಿಲಿಂಡರ್) ಮೇಲೆತ್ತಿದರೆ ಪಿಸ್ಟನ್ ಕಣ್ಣೆದುರು ಇರುತ್ತದೆ. ಕಾರ್ಬ್ಯುರೇಟರಿಗೂ ಬ್ಲಾಕಿಗೂ ನಡುವೆ ಇರುವ ರೀಡ್ ವಾಲ್ವ್ ತೆಗೆದು, ಅದರ ತೆಳು ಪತ್ತಿಗಳ ಅಂಚು ಮುರಿದಿದೆಯಾ ಅಂತ ಬೆಳಕಿಗೆ ಹಿಡಿದು ನೋಡಿ. ಎಂಜಿನ್ನಿನ ಮೇಲಿನ ಅರ್ಧ ಅಷ್ಟೇ, ಒಂದು ಸಂಜೆಯ ಕೆಲಸ.

ಹಾಗಾದರೆ ತೊಂದರೆ ಎಲ್ಲಿ? ಬೆಲೆಯಲ್ಲಿ, ಡೂಪ್ಲಿಕೇಟ್ ಪಾರ್ಟುಗಳಲ್ಲಿ, ನಂಬರಿನಲ್ಲಿ. ಚೆನ್ನಾಗಿರುವ ಆರ್‌ಎಕ್ಸ್ ಬೆಲೆ ಲಕ್ಷ ದಾಟಿ ತುಂಬಾ ದಿನವಾಯಿತು. ಹಾಗಾಗಿ ಹಾಳಾದದ್ದನ್ನೂ ಬಣ್ಣ ಹೊಡೆದು ಚೆನ್ನಾಗಿರುವುದರ ಬೆಲೆಗೆ ಕಟ್ಟುತ್ತಾರೆ. ಬೆಂಗಳೂರಿನ ಜೆ.ಸಿ. ರೋಡಿನಲ್ಲಿ ಇದರ ಪಾರ್ಟ್ ಏನು ಕೇಳಿದರೂ ಸಿಗುತ್ತದೆ ನಿಜ, ಅದರಲ್ಲಿ ಅಸಲಿ ಯಾವುದು ಅಂತ ಹೇಳುವುದು ಕಷ್ಟ. ಟ್ಯಾಂಕ್ ಸ್ಟಿಕ್ಕರಿನಿಂದ ಹಿಡಿದು ಕ್ರ್ಯಾಂಕ್‌ವರೆಗೆ ಎಲ್ಲದಕ್ಕೂ ಡೂಪ್ಲಿಕೇಟ್ ಇದೆ. ಹಳೇ ಅಸಲಿ ಮಡ್‌ಗಾರ್ಡ್ ಸ್ವಲ್ಪ ತುಕ್ಕು ಹಿಡಿದಿದ್ದರೂ ಎಸೆಯಬೇಡಿ. ಹೊಸದಾಗಿ ಸಿಗುವ ತಗಡು ಅದಕ್ಕಿಂತ ತೆಳುವಾಗಿರುತ್ತದೆ, ಬೋಲ್ಟಿನ ತೂತೂ ಸರಿಯಾಗಿ ಕೂರುವುದಿಲ್ಲ.

ನಂಬರಿನ ವಿಷಯ ಇನ್ನೂ ದೊಡ್ಡದು. ಕಳ್ಳರಿಗೂ ಇದು ಇಷ್ಟದ ಬೈಕ್ ಅಲ್ವಾ? ಒಂದು ಬೈಕಿನ ಫ್ರೇಮ್, ಇನ್ನೊಂದರ ಎಂಜಿನ್, ಮತ್ತೊಂದರ ಆರ್‌ಸಿ ಸೇರಿಸಿ ಕಟ್ಟಿದ ಗಾಡಿಗಳು ಓಡಾಡುತ್ತಿವೆ. ಆರ್‌ಎಕ್ಸ್ 135ರ ಬ್ಲಾಕ್ ಹಾಕಿಸಿಕೊಂಡವೂ ಬೇಕಾದಷ್ಟಿವೆ. ಎಳೆತ ಜಾಸ್ತಿ ಆಗುತ್ತದೆ, ಆರ್‌ಸಿಯಲ್ಲಿ ಬರೆದ ಸಿಸಿಗೂ ಬೈಕಿಗೂ ಹೊಂದುವುದಿಲ್ಲ. ಹ್ಯಾಂಡಲ್ ಬುಡದಲ್ಲಿರುವ ಚಾಸಿ ನಂಬರಿನ ಮೇಲೆ ತೆಳು ಕಾಗದ ಇಟ್ಟು ಪೆನ್ಸಿಲ್ ಉಜ್ಜಿ. ಅಕ್ಷರಗಳು ಒಂದೇ ಆಳ, ಒಂದೇ ಸಾಲಿನಲ್ಲಿ ಮೂಡಬೇಕು. ಒಂದೆರಡು ಅಂಕಿ ಓರೆಯಾಗಿದ್ದರೆ ಅಥವಾ ಆ ಜಾಗದಲ್ಲಿ ಮಾತ್ರ ಗ್ರೈಂಡರ್ ಆಡಿಸಿದ ಗುರುತಿದ್ದರೆ ಬೆಲೆ ಮಾತಾಡುವುದೇ ಬೇಡ, ವಾಪಸ್ ಬನ್ನಿ.

ಟಿವಿಎಸ್ ಸುಜುಕಿಯ 100 ಸಿಸಿಗಳು

ಆರ್‌ಎಕ್ಸ್ ಹಿಂದೆ ಓಡುವವರು ಇವುಗಳ ಕಡೆ ತಿರುಗಿಯೂ ನೋಡುವುದಿಲ್ಲ. ನಮಗೆ ಅದೇ ಅನುಕೂಲ. 1984ರಲ್ಲಿ ಹೊಸೂರಿನಿಂದ ಎಎಕ್ಸ್ 100 ಬಂತು. ಆಮೇಲೆ ಸಮುರಾಯ್, ಮ್ಯಾಕ್ಸ್ 100 ಬಂದವು. 2001ರಲ್ಲಿ ಟಿವಿಎಸ್ಸೂ ಸುಜುಕಿಯೂ ಬೇರೆಯಾದವು. ಎಎಕ್ಸ್ ಕೂಡ 98 ಸಿಸಿ, ಅದರ ಬೋರ್ (ಸಿಲಿಂಡರಿನ ಒಳವ್ಯಾಸ) ಕೂಡ ಆರ್‌ಎಕ್ಸ್‌ನಂತೆ 50 ಮಿ.ಮೀ. ಆರ್‌ಎಕ್ಸ್‌ನಲ್ಲಿ ಕಲಿಯುವ ಪಾಠವನ್ನೆಲ್ಲ ಇದರಲ್ಲೂ ಕಲಿಯಬಹುದು, ಬೆಲೆ ಮಾತ್ರ ಎಷ್ಟೋ ಕಡಿಮೆ.

ಮ್ಯಾಕ್ಸ್ 100 ಹಳ್ಳಿ ಕಡೆ ಹಾಲಿನ ಕ್ಯಾನ್, ಹುಲ್ಲಿನ ಹೊರೆ ಹೊತ್ತ ಬೈಕ್. ಕೋಲಾರ, ಮಂಡ್ಯ ಕಡೆ ತೋಟದ ಮನೆಗಳಲ್ಲಿ ಇನ್ನೂ ನಿಂತಿರುತ್ತವೆ. ಎಷ್ಟೋ ಸಲ ಕೊಂಡವರ ಹತ್ತಿರವೇ ಇರುತ್ತದೆ, ಕೈ ಬದಲಾಗಿರುವುದಿಲ್ಲ. ಆರ್‌ಸಿಯಲ್ಲಿರುವ ಹೆಸರಿನವರೇ ಎದುರು ನಿಂತು ಸಹಿ ಹಾಕುತ್ತಾರೆ ಅಂದರೆ ಅರ್ಧ ತಲೆನೋವು ಅಲ್ಲೇ ಹೋಯಿತು. ಎಂಜಿನ್ ಪಾರ್ಟುಗಳು ಹುಡುಕಿದರೆ ಸಿಗುತ್ತವೆ. ಸೈಡ್ ಕವರ್, ಮೀಟರ್, ಬ್ಯಾಡ್ಜ್ ಸಿಗುವುದು ಕಷ್ಟ. ಹಾಗಾಗಿ ಇದರಲ್ಲಿ ಎಂಜಿನ್ ಸತ್ತಿದ್ದರೂ ಪರವಾಗಿಲ್ಲ, ಮೈಮೇಲಿನ ಪಾರ್ಟುಗಳೆಲ್ಲ ಇರುವ ಗಾಡಿ ತನ್ನಿ. ಆರ್‌ಎಕ್ಸ್‌ಗೆ ಹೇಳುವ ಮಾತೇ ಬೇರೆ: ಅಲ್ಲಿ ಸ್ಟಿಕ್ಕರ್, ಸೀಟು ಹೇಗಿದ್ದರೂ ಸರಿ, ಅಸಲಿ ಫ್ರೇಮು, ಅಸಲಿ ಎಂಜಿನ್ ಇರಬೇಕು. ಕವಾಸಕಿ ಬಜಾಜ್ ಕೆಬಿ 100 ಸಿಕ್ಕರೂ ಹೆಚ್ಚುಕಡಿಮೆ ಸುಜುಕಿಯ ಲೆಕ್ಕವೇ.

ಟೂ ಸ್ಟ್ರೋಕಿನ ಕೆಳಗಿನ ಅರ್ಧ

ಮೇಲಿನ ಅರ್ಧ ಸರಳ ಅಂದೆ. ಟೂ ಸ್ಟ್ರೋಕ್ ಕೆಡುವುದು ಕೆಳಗೆ, ಪಿಸ್ಟನ್ನಿನ ಓಟವನ್ನು ಸುತ್ತಾಗಿಸುವ ಕ್ರ್ಯಾಂಕ್ ಇರುವ ಕ್ರ್ಯಾಂಕ್ ಕೇಸಿನಲ್ಲಿ. ಇಲ್ಲಿ ಪೆಟ್ರೋಲ್ ಮತ್ತು ಗಾಳಿಯ ಮಿಶ್ರಣ ಕ್ರ್ಯಾಂಕ್ ಕೇಸಿನ ಮೂಲಕವೇ ಮೇಲೆ ಹೋಗುತ್ತದೆ. ಕ್ರ್ಯಾಂಕಿನ ಎರಡೂ ಬದಿಯ ರಬ್ಬರ್ ಸೀಲುಗಳು ಗಾಳಿಯಾಡದಂತೆ ಹಿಡಿದಿರಬೇಕು. ವರ್ಷಗಟ್ಟಲೆ ನಿಂತ ಬೈಕಿನಲ್ಲಿ ಆ ರಬ್ಬರ್ ಗಟ್ಟಿಯಾಗಿರುತ್ತದೆ. ಕ್ಲಚ್ ಬದಿಯ ಸೀಲ್ ಹೋದರೆ ಎಂಜಿನ್ ಗೇರ್ ಆಯಿಲನ್ನು ಎಳೆದುಕೊಂಡು ಸುಡುತ್ತದೆ. ಬಿಳಿ ಹೊಗೆ ನಿಲ್ಲುವುದೇ ಇಲ್ಲ, ಗೇರ್ ಬಾಕ್ಸಿನಲ್ಲಿ ಆಯಿಲ್ ಕಡಿಮೆಯಾಗುತ್ತಾ ಹೋಗುತ್ತದೆ. ಮ್ಯಾಗ್ನೆಟ್ (ಕರೆಂಟ್ ಹುಟ್ಟಿಸುವ ಚಕ್ರ) ಬದಿಯ ಸೀಲ್ ಹೋದರೆ ಗಾಳಿ ಒಳಗೆ ಸೇರುತ್ತದೆ. ಆಗ ಐಡ್ಲಿಂಗ್ ಒಂದು ಕಡೆ ನಿಲ್ಲುವುದಿಲ್ಲ, ಆಕ್ಸಿಲರೇಟರ್ ಬಿಟ್ಟರೂ ಎಂಜಿನ್ ಕಿರುಚುತ್ತದೆ. ಹಾಗೇ ಓಡಿಸಿದರೆ ಪಿಸ್ಟನ್ ಬಿಸಿಗೆ ಬ್ಲಾಕಿನಲ್ಲಿ ಕಚ್ಚಿಕೊಂಡು ಸೀಜ್. ಕಾರ್ಬ್ಯುರೇಟರ್ ಕೆಟ್ಟಿದೆ ಅಂತ ಮೂರು ಸಲ ಟ್ಯೂನಿಂಗ್ ಮಾಡಿಸುವವರ ಬೈಕಿನಲ್ಲಿ ಬಹಳಷ್ಟು ಸಲ ಇರುವುದು ಈ ಸೀಲಿನ ಕಾಯಿಲೆ.

ಕೊಳ್ಳುವ ಮೊದಲೇ ಒಂದು ಪರೀಕ್ಷೆ ಮಾಡಬಹುದು. ಮ್ಯಾಗ್ನೆಟ್ ಕವರ್ ಬಿಚ್ಚಿ, ಮ್ಯಾಗ್ನೆಟ್ ಚಕ್ರವನ್ನು ಎರಡೂ ಕೈಯಲ್ಲಿ ಹಿಡಿದು ಮೇಲೆ ಕೆಳಗೆ ಅಲ್ಲಾಡಿಸಿ. ಕೈಗೆ ಗೊತ್ತಾಗುವಷ್ಟು ಆಟ ಇದ್ದರೆ ಮೇನ್ ಬೇರಿಂಗ್ ಹೋಗಿದೆ. ಅಲ್ಲಿಗೆ ಇಡೀ ಎಂಜಿನ್ ಎರಡು ಹೋಳು ಮಾಡಬೇಕು. ಬೆಲೆ ಕಡಿಮೆ ಮಾಡಿಸಲು ಇದಕ್ಕಿಂತ ಒಳ್ಳೇ ಸಾಕ್ಷಿ ಬೇಡ.

ಹೋಳು ಮಾಡುವುದು ಮನೆಯಲ್ಲೇ ಆಗುತ್ತದೆ. ಆದರೆ ಕೇಸಿನ ಸ್ಕ್ರೂಗಳ ಬಗ್ಗೆ ಎಚ್ಚರ ಇರಲಿ. ಜಪಾನಿ ಮೂಲದ ಈ ಬೈಕುಗಳ ಪ್ಲಸ್ ಸ್ಕ್ರೂಗಳು ಜೆಐಎಸ್ ಅನ್ನೋ ಜಪಾನಿ ಅಳತೆಯವು. ಸಾಮಾನ್ಯ ಸ್ಟಾರ್ ಸ್ಕ್ರೂಡ್ರೈವರ್ ಮೇಲ್ನೋಟಕ್ಕೆ ಕೂತ ಹಾಗೆ ಕಂಡರೂ, ಒತ್ತಿ ತಿರುಗಿಸಿದರೆ ಜಾರಿ ತಲೆಯನ್ನು ತಿಂದು ಹಾಕುತ್ತದೆ. ಜೆಐಎಸ್ ಬಿಟ್ ಹಾಕಿದ ಇಂಪ್ಯಾಕ್ಟ್ ಡ್ರೈವರ್ ಇಟ್ಟು ಸುತ್ತಿಗೆಯಿಂದ ಒಂದೇಟು ಕೊಟ್ಟರೆ ಕಟಕ್ ಅಂತ ಬಿಡುತ್ತದೆ. ಮ್ಯಾಗ್ನೆಟ್ ತೆಗೆಯಲು ಆಯಾ ಬೈಕಿನ ಪುಲ್ಲರ್ ಬೇಕು. ಸುತ್ತಿಗೆಯಿಂದ ಹೊಡೆದು ತೆಗೆದರೆ ಮ್ಯಾಗ್ನೆಟ್ ಜೊತೆ ಕ್ರ್ಯಾಂಕೂ ಹೋಯಿತು.

ಬೇರಿಂಗ್ ಕೂರಿಸುವುದಂತೂ ಮನೆಯಲ್ಲೇ ಮಾಡಬೇಕಾದ ಕೆಲಸ, ಅಷ್ಟು ಖುಷಿ ಕೊಡುತ್ತದೆ. ಹೊಸ ಬೇರಿಂಗನ್ನು ಹಿಂದಿನ ರಾತ್ರಿಯೇ ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಫ್ರೀಜರಿನಲ್ಲಿ ಇಡಿ. ಅಲ್ಯೂಮಿನಿಯಂ ಕೇಸನ್ನು ಸೋಪು ನೀರಿನಲ್ಲಿ ತೊಳೆದು, ಪೆಟ್ರೋಲಿನ ವಾಸನೆಯೂ ಉಳಿಯದಂತೆ ಒಣಗಿಸಿ ಎಲೆಕ್ಟ್ರಿಕ್ ಒಲೆಯ ಮೇಲೆ ನಿಧಾನಕ್ಕೆ ಬಿಸಿ ಮಾಡಿ. ಒಂದು ಹನಿ ನೀರು ಚಿಮುಕಿಸಿದಾಗ ಅದು ದೋಸೆ ಕಾವಲಿಯ ಮೇಲಿನ ಹಾಗೆ ಕುಣಿದು ಆರಬೇಕು. ಆಗ ತಣ್ಣಗಿನ ಬೇರಿಂಗನ್ನು ನೇರವಾಗಿ ಬಿಟ್ಟರೆ ಟಪ್ ಅಂತ ತಾನಾಗಿ ಕೂರುತ್ತದೆ. ಸುತ್ತಿಗೆಯೇ ಬೇಡ. ಅಡುಗೆಮನೆಯವರ ಅನುಮತಿ ಮಾತ್ರ ಮೊದಲೇ ಪಡೆದಿರಿ.

ಮನೆಯಲ್ಲಿ ಆಗದ ಕೆಲಸ ಒಂದಿದೆ. ಕನೆಕ್ಟಿಂಗ್ ರಾಡ್ ಸವೆದಿದ್ದರೆ ಕ್ರ್ಯಾಂಕನ್ನು ಪ್ರೆಸ್ಸಿನಲ್ಲಿ ಬೇರೆ ಮಾಡಿ, ಹೊಸ ರಾಡ್ ಕಿಟ್ ಹಾಕಿ, ಡಯಲ್ ಗೇಜ್ ಇಟ್ಟು ನೇರ ಮಾಡಬೇಕು. ಓರೆ 0.03 ಮಿ.ಮೀ. ಒಳಗೆ ಇರಬೇಕು. ಅಂಗಡಿಯವರು ಕಣ್ಣಳತೆಯಲ್ಲಿ ಸರಿ ಇದೆ ಅಂದರೆ ಒಪ್ಪಬೇಡಿ, ಗೇಜಿನ ಮುಳ್ಳು ನೀವೇ ನೋಡಿ.

ಹೀರೋ ಹೋಂಡಾ ಸಿಡಿ 100

1985ರಲ್ಲಿ ಬಂದ ಈ ಬೈಕ್ ಫೋರ್ ಸ್ಟ್ರೋಕ್, 97.2 ಸಿಸಿ. ಬೋರ್ 50, ಸ್ಟ್ರೋಕ್ 49.5 ಮಿ.ಮೀ. ಇದೇ ಅಳತೆಯ ಎಂಜಿನ್ ಇವತ್ತಿನ ಸ್ಪ್ಲೆಂಡರಿನಲ್ಲೂ ಇದೆ. ಹಾಗಾಗಿ ಎಂಜಿನ್ ಒಳಗಿನ ಎಷ್ಟೋ ಪಾರ್ಟುಗಳು ಯಾವ ತಾಲೂಕು ಕೇಂದ್ರದಲ್ಲಾದರೂ ಸಿಗುತ್ತವೆ. ತಾಳೆ ನೋಡಿ ಹಾಕಿಕೊಡುವ ಮೆಕ್ಯಾನಿಕ್ಕೂ ಸಿಗುತ್ತಾರೆ. ಬೀದರಿನಲ್ಲಿರಿ, ಮಡಿಕೇರಿಯಲ್ಲಿರಿ, ಪಾರ್ಟಿಗಾಗಿ ಬೆಂಗಳೂರಿಗೆ ಬಸ್ ಹತ್ತಬೇಕಿಲ್ಲ.

ಬಿಚ್ಚುವ ಕೆಲಸ ಮಾತ್ರ ಟೂ ಸ್ಟ್ರೋಕಿಗಿಂತ ಜಾಸ್ತಿ. ಕ್ಯಾಮ್ ಚೈನ್, ಟೆನ್ಷನರ್, ರಾಕರ್, ವಾಲ್ವ್ ಸೀಲ್ ಎಲ್ಲ ನೋಡಬೇಕು. ಟೈಮಿಂಗ್ ಗುರುತು ಒಂದು ಹಲ್ಲು ತಪ್ಪಿದರೂ ಎಂಜಿನ್ ಸರಿಯಾಗಿ ಓಡುವುದಿಲ್ಲ. ಟ್ಯಾಪೆಟ್ ಸಂದು (ರಾಕರಿಗೂ ವಾಲ್ವಿಗೂ ನಡುವಿನ ಅಂತರ) 0.05 ಮಿ.ಮೀ., ಅದೂ ಎಂಜಿನ್ ಪೂರ್ತಿ ತಣ್ಣಗಿದ್ದಾಗ ಫೀಲರ್ ಗೇಜ್ ಹಾಕಿ ನೋಡಬೇಕು. ವಾಲ್ವ್ ಗೈಡ್ ಸವೆದಿದ್ದರೆ ಹೆಡ್ ಹೊರಗೆ ಕಳಿಸಬೇಕು. ಆದರೆ ಕೆಳಗಿನ ಅರ್ಧ ಸಾಮಾನ್ಯವಾಗಿ ಗಟ್ಟಿ. ಆಯಿಲ್ ಬದಲಾಯಿಸುತ್ತಾ ಬಂದಿದ್ದರೆ ಕ್ರ್ಯಾಂಕ್ ಮುಟ್ಟುವ ಅಗತ್ಯವೇ ಬರುವುದಿಲ್ಲ. ಸ್ಟಾರ್ಟ್ ಮಾಡಿ ಹೆಡ್ಡಿನ ಕಡೆ ಕಿವಿ ಕೊಡಿ. ಕಟಕಟ ಸದ್ದು ಮೇಲಿಂದ ಬಂದರೆ ಟ್ಯಾಪೆಟ್ಟೋ ಚೈನೋ, ಹೆದರಬೇಡಿ. ಕೆಳಗಿಂದ ಭಾರವಾದ ಟಕ್ ಟಕ್ ಬಂದರೆ ಬೇರೆ ಗಾಡಿ ನೋಡಿ.

ಇದರ ದೊಡ್ಡ ಕೊರತೆ ಅಂದರೆ ಮರ್ಯಾದೆ. ಇಷ್ಟೆಲ್ಲ ಕಷ್ಟಪಟ್ಟು ಜೋಡಿಸಿ ಬೀದಿಗೆ ತಂದರೂ ಯಾರೂ ತಿರುಗಿ ನೋಡುವುದಿಲ್ಲ. ಮಾರಿದರೆ ಹಾಕಿದ ದುಡ್ಡು ಬರುವುದಿಲ್ಲ. ಅಪ್ಪನದೋ ಚಿಕ್ಕಪ್ಪನದೋ ಬೈಕ್ ಮನೆಯಲ್ಲೇ ಇದ್ದರೆ ಆ ಮಾತೇ ಬೇರೆ. ಅಂಥವರು ಬೇರೆ ಯಾವುದನ್ನೂ ಹುಡುಕಬೇಡಿ, ಇದನ್ನೇ ಬಿಚ್ಚಿ.

ಜಾವಾ, ಯೆಜ್ಡಿ

250 ಸಿಸಿ ಬೈಕನ್ನು ಚಿಕ್ಕದು ಅನ್ನುವುದು ಹೇಗೆ ಅಂತ ಕೇಳಬಹುದು. ಆದರೆ ಕರ್ನಾಟಕದಲ್ಲಿ ಕೂತು ಹಳೇ ಬೈಕಿನ ಮಾತಾಡುವಾಗ ಮೈಸೂರಿನದನ್ನು ಬಿಡಲು ಆಗುತ್ತದಾ? ಐಡಿಯಲ್ ಜಾವಾ ಕಾರ್ಖಾನೆ ಮೈಸೂರಿನ ಯಾದವಗಿರಿಯಲ್ಲಿತ್ತು. 1961ರಲ್ಲಿ ಜೆಕ್ ಕಂಪನಿಯ ಪರವಾನಗಿಯಲ್ಲಿ ಜಾವಾ ತಯಾರಿ ಶುರುವಾಯಿತು. 70ರ ದಶಕದಲ್ಲಿ ಯೆಜ್ಡಿ ಅನ್ನೋ ಹೆಸರು ಬಂತು. 1996ರಲ್ಲಿ ಕಾರ್ಖಾನೆ ಮುಚ್ಚಿತು. ಈಗ ಅದೇ ಹೆಸರಿನಲ್ಲಿ ಬರುತ್ತಿರುವ ಹೊಸ ಬೈಕುಗಳಿಗೂ ಇವಕ್ಕೂ ಪಾರ್ಟಿನ ಸಂಬಂಧ ಇಲ್ಲ.

ಇದು ತನ್ನದೇ ರೀತಿ ನೀತಿಯ ಬೈಕ್. ಗೇರ್ ಲಿವರನ್ನೇ ಒಳಗೆ ಒತ್ತಿ ಹಿಂದಕ್ಕೆ ತಿರುಗಿಸಿದರೆ ಅದೇ ಕಿಕ್ಕರ್. ಗೇರ್ ಹಾಕುವಾಗ ಲಿವರ್ ತುಳಿದರೆ ಕ್ಲಚ್ ತಾನೇ ಬಿಡುತ್ತದೆ. ಒಂದೇ ಸಿಲಿಂಡರಿಗೆ ಎರಡು ಸೈಲೆನ್ಸರ್. ಹಳೇ ಮಾಡೆಲ್ಲುಗಳಲ್ಲಿ 6 ವೋಲ್ಟಿನ ಡೈನಮೋ, ಸ್ಪಾರ್ಕ್ ಕೊಡಿಸಲು ಪ್ಲಾಟಿನಂ ಪಾಯಿಂಟ್. ಜಪಾನಿ ಬೈಕಿನಲ್ಲಿ ಪಳಗಿದ ಕೈಗೂ ಇದು ಹೊಸತು. ಕ್ಲಚ್ ಬಿಚ್ಚಲು ಬೇರೆ ಸಾಧನ ಬೇಕು. ಲಿವರ್ ಮತ್ತು ಕ್ಲಚ್ ಹೊಂದಾಣಿಕೆ ಕೂದಲೆಳೆ ತಪ್ಪಿದರೂ ಗೇರ್ ಜಗಳ ಶುರು. ಟ್ಯಾಂಕಿನ ಬದಿಯಲ್ಲಿ ಕ್ರೋಮ್ ಇರುವ ಹಳೇ ಜಾವಾ ತಂದರೆ ಪ್ಲೇಟಿಂಗ್ ಖರ್ಚೇ ಎಂಜಿನ್ ಖರ್ಚನ್ನು ಮೀರಿಸಬಹುದು. ಕ್ರೋಮ್ ಪ್ಲೇಟಿಂಗ್ ಮನೆಯಲ್ಲಿ ಮಾಡುವ ಸಾಹಸವಂತೂ ಬೇಡವೇ ಬೇಡ, ಅದರ ರಾಸಾಯನಿಕ ಕ್ಯಾನ್ಸರ್ ತರುವಂಥದ್ದು.

ಇಷ್ಟಾದರೂ ಇದಕ್ಕಿರುವಷ್ಟು ಬಳಗ ಬೇರೆ ಯಾವ ಬೈಕಿಗೂ ಇಲ್ಲ. ಜುಲೈ ತಿಂಗಳ ಎರಡನೇ ಭಾನುವಾರ ಜಾವಾ-ಯೆಜ್ಡಿ ದಿನ ಅಂತ ಬೆಂಗಳೂರು, ಮೈಸೂರುಗಳಲ್ಲಿ ಸಾಲುಗಟ್ಟಿ ಬರುತ್ತಾರೆ. ಬೈಕ್ ಕೊಳ್ಳುವ ಮೊದಲು ಒಂದು ವರ್ಷ ಸುಮ್ನೆ ಹೋಗಿ ನಿಂತು ನೋಡಿ, ಮಾತಾಡಿಸಿ. ಇದನ್ನು ಬಿಚ್ಚಿ ಪಳಗಿದವರು ನಿಮ್ಮ ಊರಿಗೆ ಹತ್ತಿರ ಇದ್ದಾರಾ ಅಂತ ತಿಳಿಯುವುದು ಅಲ್ಲೇ. ಇದ್ದರೆ ಯೆಜ್ಡಿ ತನ್ನಿ. ಇಲ್ಲದಿದ್ದರೆ ಎರಡನೇ ಬೈಕಾಗಿ ತನ್ನಿ.

ಇನ್ನು ಬಾಡಿಗೆ ಮನೆ, ಪಾರ್ಕಿಂಗಿನ ಒಂದು ಮೂಲೆ ಮಾತ್ರ ಇದೆ ಅನ್ನುವವರಿಗೆ ಟಿವಿಎಸ್ 50 ಅಥವಾ ಲೂನಾ. ಎಂಜಿನ್ ಬಿಚ್ಚಿ ಒಂದೇ ಕೈಯಲ್ಲಿ ಎತ್ತಿಕೊಂಡು ಹೋಗಿ ಮೇಜಿನ ಮೇಲೆ ಇಟ್ಟುಕೊಳ್ಳಬಹುದು. ನಗುವವರು ನಗಲಿ.

ಬೋರು, ಬಣ್ಣ

ಬೈಕ್ ಯಾವುದೇ ಇರಲಿ, ಬ್ಲಾಕ್ ಸವೆದಿದ್ದರೆ ಎದುರಿಗೆ ಮೂರು ದಾರಿ: ಒಳಗೋಡೆ ಕೊರೆಸಿ ದೊಡ್ಡ ಪಿಸ್ಟನ್ ಹಾಕುವ ರೀಬೋರ್, ಒಳಗೆ ಹೊಸ ಕೊಳವೆ ಕೂರಿಸುವ ಸ್ಲೀವ್, ಇಲ್ಲವೇ ಹೊಸ ಬ್ಲಾಕ್. ಓವರ್‌ಸೈಜ್ ಪಿಸ್ಟನ್‌ಗಳು 0.25 ಮಿ.ಮೀ. ಲೆಕ್ಕದಲ್ಲಿ ಏರುತ್ತಾ ಸಾಮಾನ್ಯವಾಗಿ 1.00ರವರೆಗೆ ಸಿಗುತ್ತವೆ. ಪಿಸ್ಟನ್ ತಲೆ ಮೇಲೆ ಅಂಕಿ ಕೊರೆದಿರುತ್ತದೆ, ಕೊಳ್ಳುವಾಗ ಹೆಡ್ ಬಿಚ್ಚಿಸಿ ನೋಡಲು ಸಾಧ್ಯವಾದರೆ ಬಿಡಬೇಡಿ. 0.25 ಅಥವಾ 0.50 ಇದ್ದರೆ ಇನ್ನೂ ಆಯುಷ್ಯ ಇದೆ. 1.00 ಆಗಿಹೋಗಿದ್ದರೆ ಅಗ್ಗದ ಡೂಪ್ಲಿಕೇಟ್ ಬ್ಲಾಕಿಗಿಂತ ಅಸಲಿ ಬ್ಲಾಕಿಗೆ ಸ್ಲೀವ್ ಹೊಡೆಸುವುದೇ ಮೇಲು. ಟೂ ಸ್ಟ್ರೋಕಿನಲ್ಲಿ ಬೋರ್ ಆದ ಮೇಲೆ ಬ್ಲಾಕಿನ ಒಳಗೋಡೆಯ ಕಿಂಡಿಗಳಾದ ಪೋರ್ಟುಗಳ ಅಂಚನ್ನು ನಯವಾಗಿ ಉಜ್ಜಿದ್ದಾರಾ ಅಂತ ಬೆರಳಾಡಿಸಿ ನೋಡಿ. ಚೂಪಾಗಿ ಬಿಟ್ಟಿದ್ದರೆ ರಿಂಗ್ ಸಿಕ್ಕಿಕೊಂಡು ಮುರಿಯುತ್ತದೆ.

ಬಣ್ಣದ ವಿಷಯದಲ್ಲಿ ನನ್ನ ಒಲವು ಹಳೇ ಬಣ್ಣ ಉಳಿಸುವ ಕಡೆಗೆ. ಟ್ಯಾಂಕಿನ ಮೇಲೆ ಕಂಪನಿಯ ಬಣ್ಣ ಇನ್ನೂ ಇದ್ದರೆ ಕಾಂಪೌಂಡ್ ಹಾಕಿ ಉಜ್ಜಿ ಬಿಟ್ಟುಬಿಡಿ. ಫ್ರೇಮಿಗೆ ಪೌಡರ್ ಕೋಟಿಂಗ್ ಗಟ್ಟಿ, ಆದರೆ ಅದನ್ನು 180-200 ಡಿಗ್ರಿ ಶಾಖದಲ್ಲಿ ಬೇಯಿಸುತ್ತಾರೆ. ರಬ್ಬರ್, ಪುಟ್ಟಿ ಹಚ್ಚಿದ ಜಾಗ ಯಾವುದೂ ಅದಕ್ಕೆ ತಡೆಯುವುದಿಲ್ಲ. ಸ್ಯಾಂಡ್ ಬ್ಲಾಸ್ಟಿಂಗಿಗೆ ಕೊಡುವ ಮೊದಲು ಚಾಸಿ ನಂಬರಿನ ಮೇಲೆ ದಪ್ಪ ಟೇಪ್ ಸುತ್ತಿ, ಅಂಗಡಿಯವರಿಗೂ ಬಾಯಲ್ಲಿ ಹೇಳಿ. ಪಿಯು (ಪಾಲಿಯುರೆಥೇನ್) ಪೇಂಟಿನ ಹೊಳಪು ಚೆಂದ, ಆದರೆ ಅದರ ಹಾರ್ಡನರ್‌ನಲ್ಲಿರುವ ಐಸೊಸಯನೇಟ್ ಶ್ವಾಸಕೋಶಕ್ಕೆ ವಿಷ. ಮುಚ್ಚಿದ ಗ್ಯಾರೇಜಿನಲ್ಲಿ ಕರ್ಚೀಫ್ ಕಟ್ಟಿಕೊಂಡು ಹೊಡೆಯುವಂಥದ್ದಲ್ಲ, ಹೊರಗೆ ಕೊಡಿ. ಮಲೆನಾಡು, ಕರಾವಳಿಯವರು ಯಾವ ಬಣ್ಣವನ್ನೇ ಆಗಲಿ ಜೂನ್‌ಗೆ ಮೊದಲೇ ಮುಗಿಸಿಕೊಳ್ಳಿ. ಮಳೆಗಾಲದ ತೇವಕ್ಕೆ ಬಣ್ಣ ಬಿಳಿಚಿಕೊಳ್ಳುತ್ತದೆ.

ಟ್ಯಾಂಕಿನ ಒಳಗಿನ ತುಕ್ಕಿಗೆ ನಿಂಬೆ ಉಪ್ಪು (ಸಿಟ್ರಿಕ್ ಆಸಿಡ್) ಸಾಕು. ಬಿಸಿ ನೀರಿನಲ್ಲಿ ಕರಗಿಸಿ ತುಂಬಿ ಒಂದು ದಿನ ಬಿಡಿ. ಆಮೇಲೆ ಅಡುಗೆ ಸೋಡಾ ನೀರಿನಲ್ಲಿ ತೊಳೆದು, ಒಣಗಿಸಿ, ತಕ್ಷಣ 2ಟಿ (ಟೂ ಸ್ಟ್ರೋಕ್) ಆಯಿಲ್ ಬೆರೆಸಿದ ಪೆಟ್ರೋಲ್ ಹಾಕಿ ಕುಲುಕಿ. ತಡ ಮಾಡಿದರೆ ಕಣ್ಣೆದುರೇ ಮತ್ತೆ ಕೆಂಪಗಾಗುತ್ತದೆ. ಈಗ ಬಂಕುಗಳಲ್ಲಿ ಸಿಗುವುದು ಇ20, ಅಂದರೆ 20 ಶೇಕಡಾ ಎಥೆನಾಲ್ ಬೆರೆತ ಪೆಟ್ರೋಲ್. ಅದರಲ್ಲಿರುವ ಎಥೆನಾಲ್ ನೀರು ಹೀರುತ್ತದೆ, ಹಳೇ ರಬ್ಬರನ್ನು ತಿನ್ನುತ್ತದೆ. ಪೆಟ್ರೋಲ್ ಪೈಪು, ಕಾರ್ಬ್ಯುರೇಟರ್ ವಾಷರ್ ಹೊಸದು ಹಾಕಿ. ತಿಂಗಳುಗಟ್ಟಲೆ ನಿಲ್ಲಿಸುವುದಾದರೆ ಕಾರ್ಬ್ಯುರೇಟರ್ ಖಾಲಿ ಮಾಡಿ ನಿಲ್ಲಿಸಿ.

ಕಾಗದ

ಬೈಕಿನ ಆರ್‌ಸಿಗೆ 15 ವರ್ಷ ಆಯುಷ್ಯ. ಆಮೇಲೆ ಐದೈದು ವರ್ಷಕ್ಕೆ ನವೀಕರಣ. 20 ವರ್ಷ ದಾಟಿದ ಬೈಕಿಗೆ ನವೀಕರಣ ಶುಲ್ಕ 2025ರಲ್ಲಿ 2,000 ರೂಪಾಯಿ ಆಯಿತು. ಇದರ ಮೇಲೆ ಹಸಿರು ತೆರಿಗೆ ಬೇರೆ. ಆದರೆ ಜೇಬು ಸುಡುವುದು ಇವಲ್ಲ. ನವೀಕರಣ ತಡವಾದರೆ ನಿಯಮದ ಪ್ರಕಾರ ತಿಂಗಳಿಗೆ 300 ರೂಪಾಯಿ ಹೆಚ್ಚುವರಿ. ಹತ್ತು ವರ್ಷ ಹಾಗೇ ನಿಂತ ಬೈಕಿಗೆ 36,000 ಆಗಿಬಿಡುತ್ತದೆ. ಹತ್ತು ಸಾವಿರಕ್ಕೆ ಮ್ಯಾಕ್ಸ್ ಸಿಕ್ಕಿತು ಅಂತ ಹಿಗ್ಗುವ ಮೊದಲು ಆರ್‌ಟಿಒದಲ್ಲಿ ಒಟ್ಟು ಬಾಕಿ ಎಷ್ಟು ಅಂತ ಕೇಳಿಸಿಕೊಂಡು ಬನ್ನಿ. ಹೊರ ರಾಜ್ಯದ ನಂಬರಾದರೆ ಎನ್‌ಒಸಿ, ಇಲ್ಲಿನ ತೆರಿಗೆ ಎರಡೂ ಸೇರುತ್ತವೆ.

ಎಮಿಷನ್ ಟೆಸ್ಟಿನಲ್ಲಿ 2000ನೇ ಇಸವಿಯ ಮಾರ್ಚ್ ಕೊನೆಯವರೆಗೆ ತಯಾರಾದ ಬೈಕುಗಳಿಗೆ ಕಾರ್ಬನ್ ಮಾನಾಕ್ಸೈಡ್ ಮಿತಿ 4.5 ಶೇಕಡಾ. ಸೀಲ್ ಸರಿಯಿದ್ದು, ಆಯಿಲ್ ಅಳತೆಯಲ್ಲಿ ಹಾಕಿದ್ದರೆ ಟೂ ಸ್ಟ್ರೋಕೂ ಪಾಸಾಗುತ್ತದೆ. ಎಂಜಿನ್ ಚೆನ್ನಾಗಿ ಬಿಸಿಯಾದ ಮೇಲೆ ಹೋಗಿ.

50 ವರ್ಷ ದಾಟಿದ ಗಾಡಿಗಳಿಗೆ 2021ರಿಂದ ವಿಂಟೇಜ್ ನೋಂದಣಿ ಇದೆ. ಶುಲ್ಕ 20,000 ರೂಪಾಯಿ, ನಂಬರಿನ ನಡುವೆ ವಿಎ ಅಕ್ಷರ ಬರುತ್ತದೆ, 10 ವರ್ಷಕ್ಕೊಮ್ಮೆ 5,000 ಕೊಟ್ಟು ನವೀಕರಿಸಬೇಕು. ಆರ್‌ಎಕ್ಸ್, ಸಿಡಿ ಯಾವುದಕ್ಕೂ ಇನ್ನೂ ಆ ವಯಸ್ಸಾಗಿಲ್ಲ. 60ರ ದಶಕದ, 70ರ ದಶಕದ ಶುರುವಿನ ಜಾವಾಗಳಿಗೆ ಆಗಿದೆ. ಆದರೆ ಆ ನೋಂದಣಿಯ ಗಾಡಿಯನ್ನು ದಿನಾ ಆಫೀಸಿಗೆ ಓಡಿಸುವ ಹಾಗಿಲ್ಲ. ಎಂಜಿನ್, ಫ್ರೇಮು, ಬಾಡಿ ದೊಡ್ಡದಾಗಿ ಬದಲಾಗಿರಬಾರದು ಅನ್ನೋ ಷರತ್ತೂ ಇದೆ. ಹಾಗಾಗಿ ಹಳೇ ಜಾವಾ ತಂದವರು ಫ್ರೇಮ್ ಕತ್ತರಿಸುವುದು, ಬೇರೆ ಎಂಜಿನ್ ಕೂರಿಸುವುದು ಇಂಥದ್ದಕ್ಕೆಲ್ಲ ಕೈ ಹಾಕಬೇಡಿ. ತೆಗೆದ ಹಳೇ ಪಾರ್ಟುಗಳನ್ನು ಗುಜರಿಗೆ ಕೊಡದೆ ಡಬ್ಬದಲ್ಲಿ ಹಾಕಿ ಹೆಸರು ಬರೆದಿಡಿ.